‘ಊರಿಗೆ ಹೋಗ್ರಿ, ತಿಳಿಸ್ತೀವಿ!’: ಎಂ.ಬಿ.ಎ. ಹುಡುಗರ ಸಂದರ್ಶನದ ಫಜೀತಿ

ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೊರಡುವ ಬೆಳಗಿನ ಬಸ್ಸನ್ನು ಯಾವುದಾದರೊಂದು ಸೋಮವಾರ ಹತ್ತಿ ನೋಡಿರಿ. ದವಾಖಾನೆಗೆ ಹೊರಟ ಮುದುಕರು, ಮಾಲು ತರಲು ಹೊರಟ ಅಂಗಡಿಕಾರರು, ಕಾಲೇಜಿನ ಹುಡುಗಿಯರು, ಇವರ ನಡುವೆ ಒಬ್ಬ ತರುಣ ಕೂತಿರುತ್ತಾನೆ. ಅಂಗಿಯ ಇಸ್ತ್ರಿ ಮುರಿದೀತೆಂದು ಬೆನ್ನನ್ನು ಸೀಟಿಗೆ ತಾಗಿಸಿರುವುದಿಲ್ಲ. ಕಾಲಲ್ಲಿ ಗೆಳೆಯನ ಬೂಟು. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಆ ಫೈಲಿನೊಳಗೆ ಎಸ್.ಎಸ್.ಎಲ್.ಸಿ.ಯಿಂದ ಹಿಡಿದು ಈಚಿನ ಸೆಮಿಸ್ಟರಿನ ತನಕದ ಅಂಕಪಟ್ಟಿ, ನಾಲ್ಕು ಪಾಸ್‌ಪೋರ್ಟ್ ಫೋಟೋ, ಎರಡು ಹಾಳೆಯ ಬಯೋಡಾಟಾ.

ಕಂಡಕ್ಟರನಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. “ಇಂಟರ್‌ವ್ಯೂ ಏನೋ ತಮ್ಮಾ?” ಎನ್ನುತ್ತಾನೆ. “ಹೌದ್ರಿ.” “ಒಳ್ಳೇದಾಗ್ಲಿ ತಗೋ.”

ಸಂಜೆ ಅದೇ ದಾರಿಯಲ್ಲಿ ಅದೇ ಹುಡುಗ ತಿರುಗಿ ಬರುತ್ತಾನೆ. ಈಗ ಅಂಗಿ ಮುದ್ದೆಯಾಗಿದೆ, ಟೈ ಕಿಸೆಗೆ ಸೇರಿದೆ. “ಏನಾತು?” ಎಂದರೆ ಉತ್ತರ ಒಂದೇ. “ಊರಿಗೆ ಹೋಗ್ರಿ, ತಿಳಿಸ್ತೀವಿ ಅಂದಾರ್ರಿ.”

ಈ ಮಾತನ್ನು ಎಲ್ಲಿಯೋ ಕೇಳಿದಂತಿದೆಯಲ್ಲ ಎಂದು ಬಸ್ಸಿನಲ್ಲಿದ್ದ ಹಿರಿಯರಿಗೆ ಅನ್ನಿಸಿದರೆ ತಪ್ಪಿಲ್ಲ. ಕನ್ಯಾ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿಗೆ ಹೆಸರೇನು, ಏನು ಓದೀಯವ್ವಾ, ಒಂದು ಹಾಡು ಹೇಳು ಎಂದೆಲ್ಲ ಕೇಳಿ, ಎದ್ದು ಹೋಗುವಾಗ ಹೊಸ್ತಿಲಲ್ಲಿ ನಿಂತು ಆಡುವ ಮಾತು ಇದು. ಹೂಂ ಎಂದೂ ಅಲ್ಲ, ಉಹೂಂ ಎಂದೂ ಅಲ್ಲ. ಇಷ್ಟು ಕಾಲ ಹೆಣ್ಣು ಹೆತ್ತವರು ಮಾತ್ರ ಈ ಮಾತಿನ ಬಿಸಿ ಕಂಡಿದ್ದರು. ಈಗ ಎಂ.ಬಿ.ಎ. ಓದುವ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕೂಡಿಯೇ ಅನುಭವಿಸುತ್ತಿದ್ದಾರೆ.

ನಾಲ್ಕು ಸೆಮಿಸ್ಟರಿನ ಓಟ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹುಡುಗರು ಬಿ.ಕಾಂ., ಬಿ.ಎ. ಮುಗಿಸಿ ಮುಂದೇನು ಎಂದು ಯೋಚಿಸುವಾಗ ಎಂ.ಬಿ.ಎ. ಎಂಬ ಮೂರಕ್ಷರ ಕಣ್ಣಿಗೆ ಬೀಳುತ್ತದೆ. ಪಿ.ಜಿ.ಸಿ.ಇ.ಟಿ. ಬರೆದು ರ‍್ಯಾಂಕಿನ ಪ್ರಕಾರ ಸೀಟು ಹಿಡಿಯಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಮ್ಯಾನೇಜ್‌ಮೆಂಟ್ ಸಂಸ್ಥೆ, ಹುಬ್ಬಳ್ಳಿಯ ಕಾಲೇಜುಗಳು, ಹಿರೇಕೆರೂರಿನ ಕಡೆಯವರಿಗೆ ದಾವಣಗೆರೆ, ಶಿವಮೊಗ್ಗ, ಹೀಗೆ ಹಂಚಿ ಹೋಗುತ್ತಾರೆ. ಬೆಂಗಳೂರಿನ ಐ.ಐ.ಎಂ. 1973ರಲ್ಲಿಯೇ ಹುಟ್ಟಿದ್ದರೂ ಅದರ ಬಾಗಿಲು ತಟ್ಟುವಷ್ಟು ತಯಾರಿ ನಮ್ಮ ತಾಲೂಕು ಊರುಗಳಲ್ಲಿ ಎಷ್ಟು ಮಂದಿಗೆ ಸಿಕ್ಕೀತು?

ಕೋರ್ಸು ಎರಡು ವರ್ಷ, ಸೆಮಿಸ್ಟರು ನಾಲ್ಕು. ಕೇಳಲು ದೊಡ್ಡದು, ಓಡಲು ಸಣ್ಣದು. ಮೊದಲನೆಯ ಸೆಮಿಸ್ಟರು ಇಂಗ್ಲಿಷ್ ಪುಸ್ತಕಗಳ ಜೊತೆ ಗುದ್ದಾಡುವುದರಲ್ಲಿ ಹೋಗುತ್ತದೆ. ಎರಡನೆಯದು ಮುಗಿದೊಡನೆ ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್. ಮೂರನೆಯದರಲ್ಲಿ ಕಂಪನಿಗಳ ಬರವು ಶುರು. ನಾಲ್ಕನೆಯದರಲ್ಲಿ ಒಂದು ಕಡೆ ಪ್ರಾಜೆಕ್ಟು, ಒಂದು ಕಡೆ ಪರೀಕ್ಷೆ, ಇನ್ನೊಂದು ಕಡೆ ವಾರಕ್ಕೊಂದು ಸಂದರ್ಶನ. ಅಂದರೆ ಓದು ಮೈಗೆ ಹತ್ತುವ ಹೊತ್ತಿಗೆ ಹುಡುಗನನ್ನು ತಕ್ಕಡಿಗೆ ಹಾಕಿರುತ್ತಾರೆ.

ಸಂದರ್ಶನವೆಂದರೆ ಒಂದೇ ಬಾಗಿಲಲ್ಲ. ಮೊದಲು ಕಂಪನಿಯವರ ಭಾಷಣ. ಆಮೇಲೆ ಲೆಕ್ಕ, ಇಂಗ್ಲಿಷ್, ತರ್ಕದ ಬರವಣಿಗೆ ಪರೀಕ್ಷೆ. ಅದರಲ್ಲಿ ಉಳಿದವರನ್ನು ಹತ್ತು ಹತ್ತು ಮಂದಿಯಂತೆ ಸುತ್ತ ಕೂಡಿಸಿ ಗ್ರೂಪ್ ಡಿಸ್ಕಷನ್. ಇಲ್ಲಿ ನಮ್ಮ ಕಡೆಯ ಹುಡುಗರು ಎಡವುತ್ತಾರೆ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಮನೆಯಲ್ಲಿ ಕಲಿಸಿದ್ದು ಇಲ್ಲಿ ಮುಳುವಾಗುತ್ತದೆ. ಯಾರು ಮೊದಲು ಬಾಯಿ ಹಾಕುತ್ತಾರೋ ಅವರದೇ ಅಂಕ. ಅದನ್ನೂ ದಾಟಿದವರಿಗೆ ಕೊನೆಯ ಬಾಗಿಲು, ಎಚ್.ಆರ್. ಸಾಹೇಬರ ಕೋಣೆ. ಅಲ್ಲಿ ಮೊದಲ ಪ್ರಶ್ನೆ ಎಲ್ಲೆಡೆಯೂ ಒಂದೇ: ನಿಮ್ಮ ಬಗ್ಗೆ ಹೇಳಿ.

ಹುಡುಗ ಬಾಯಿಪಾಠ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸುತ್ತಾನೆ. ತನ್ನ ಹವ್ಯಾಸ ಕ್ರಿಕೆಟ್, ತನ್ನ ಗುರಿ ಮುಂದೆ ಬರುವುದು, ತನ್ನ ದೌರ್ಬಲ್ಯವೆಂದರೆ ತಾನು ತುಂಬಾ ದುಡಿಯುವುದು! ಹಿಂದೆ ಬಂದ ಮೂವತ್ತು ಮಂದಿಯೂ ಅದನ್ನೇ ಹೇಳಿರುತ್ತಾರೆ. ಸಾಹೇಬರು ಆಕಳಿಸುತ್ತಾರೆ.

ತಮಾಷೆಯೆಂದರೆ, ಇದೇ ಹುಡುಗ ಹತ್ತು ವರ್ಷ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತವನು. ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಕೊಟ್ಟರೆ ಮುಳುಗಿದಂತೆ, ಸುಗ್ಗಿಯ ಮುಂಚೆ ಯಾವ ಮಾಲು ತುಂಬಬೇಕು, ಮಳೆ ಕೈಕೊಟ್ಟರೆ ಯಾವ ಸಾಮಾನು ಕಪಾಟಿನಲ್ಲಿಯೇ ಕೊಳೆಯುತ್ತದೆ ಎಂಬುದು ಅವನಿಗೆ ನಿದ್ದೆಯಲ್ಲಿಯೂ ಗೊತ್ತು. ಕಾಲೇಜಿನಲ್ಲಿ ಇದನ್ನೇ ದೊಡ್ಡ ದೊಡ್ಡ ಇಂಗ್ಲಿಷ್ ಹೆಸರಿಟ್ಟು ಕಲಿಸಿದರು. ಆದರೆ ಸಂದರ್ಶನದ ಕೋಣೆಯಲ್ಲಿ ಅಂಗಡಿಯ ಮಾತು ಎತ್ತಲು ಅವನಿಗೆ ನಾಚಿಕೆ. ಆ ಒಂದು ಮಾತು ಎತ್ತಿದ್ದರೆ ಸಾಹೇಬರ ಆಕಳಿಕೆ ನಿಲ್ಲುತ್ತಿತ್ತೋ ಏನೋ!

ಶಿಗ್ಗಾವಿಯಲ್ಲಿ ಹುಟ್ಟಿದವರ ಪೋಸ್ಟ್ ಕಾರ್ಡು

ನೌಕರಿಯ ಮಾತು ಬಂದಾಗ ಶಿಗ್ಗಾವಿ ತಾಲೂಕಿನ ಮಣ್ಣು ವಿಚಿತ್ರವೇ. ಬಾಡದ ಕನಕದಾಸರು ನಾಯಕತನ ಬಿಟ್ಟು ಹರಿದಾಸರಾದರು. ಶಿಶುನಾಳದ ಶರೀಫ ಸಾಹೇಬರು ಮುಲ್ಕಿ ಪಾಸು ಮಾಡಿ ಮಾಸ್ತರಿಕೆ ಹಿಡಿದು, ಅದನ್ನು ಬಿಟ್ಟು ಗುರುವನ್ನು ಹುಡುಕಿಕೊಂಡು ಹೋದರು. ಇಬ್ಬರು ಇದ್ದ ಕೆಲಸ ಬಿಟ್ಟು ದೊಡ್ಡವರಾದರೆ, ಇದೇ ಶಿಗ್ಗಾವಿಯಲ್ಲಿ 1950ರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಇಲ್ಲದ ಕೆಲಸವನ್ನು ಒಂದು ಪೋಸ್ಟ್ ಕಾರ್ಡಿನಿಂದ ಗಿಟ್ಟಿಸಿಕೊಂಡರು. ಅವರೇ ಸುಧಾ ಮೂರ್ತಿ.

ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೇಲಿನ ಓದಿಗೆ ಸೇರಿದ್ದರು. 1974ರ ಮಾತು. ಪುಣೆಯ ಟೆಲ್ಕೋ ಕಂಪನಿಯ ಜಾಹೀರಾತೊಂದು ಅಲ್ಲಿಯ ನೋಟಿಸ್ ಬೋರ್ಡಿನ ಮೇಲೆ ಕಂಡಿತು. ಬುದ್ಧಿವಂತ ತರುಣ ಇಂಜಿನಿಯರುಗಳು ಬೇಕಾಗಿದ್ದಾರೆ, ಹೆಂಗಸರು ಅರ್ಜಿ ಹಾಕುವ ಕಾರಣವಿಲ್ಲ ಎಂಬ ಅರ್ಥದ ಒಂದು ಸಾಲು ಅದರ ಕೆಳಗಿತ್ತು. ಸುಧಾ ಅವರಿಗೆ ಆಗ ಆ ನೌಕರಿ ಬೇಕಾಗಿಯೇ ಇರಲಿಲ್ಲ. ವಿದೇಶದಲ್ಲಿ ಮುಂದೆ ಓದುವ ವಿಚಾರವಿತ್ತು. ಆದರೂ ಸಿಟ್ಟು ಬಂತು. ಒಂದು ಪೋಸ್ಟ್ ಕಾರ್ಡು ತೆಗೆದುಕೊಂಡು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದು ಹಾಕಿದರು. ದೇಶಕ್ಕೆ ಉಕ್ಕು ಕೊಟ್ಟ ಮನೆತನ, ವಿಜ್ಞಾನ ಸಂಸ್ಥೆ ಕಟ್ಟಿದ ಮನೆತನ, ಹೆಂಗಸರಿಗೆ ಬಾಗಿಲು ಹಾಕುವುದೇ ಎಂಬುದು ಅದರ ತಾತ್ಪರ್ಯ.

ಕೆಲವೇ ದಿನಗಳಲ್ಲಿ ತಂತಿ ಬಂತು. ಪುಣೆಗೆ ಸಂದರ್ಶನಕ್ಕೆ ಬರಬೇಕು, ಹೋಗಿ ಬರುವ ಖರ್ಚು ಕಂಪನಿಯದು. ಹಾಸ್ಟೆಲಿನ ಗೆಳತಿಯರು ಪುಣೆಯ ಸೀರೆ ತಂದುಕೊಡೆಂದು ತಲಾ 30 ರೂಪಾಯಿ ಕೈಗಿಟ್ಟರಂತೆ. ಅಂದರೆ ಸಂದರ್ಶನದ ಚಿಂತೆಗಿಂತ ಸೀರೆಯ ಚಿಂತೆಯೇ ಹೆಚ್ಚಾಗಿತ್ತು! ಅಲ್ಲಿ ಹೋದರೆ ಕೋಣೆಯಲ್ಲಿ ಆರು ಮಂದಿ ಸಾಹೇಬರು. ಟಾಟಾ ಅವರಿಗೆ ಪತ್ರ ಬರೆದ ಹುಡುಗಿ ಇವಳೇ ಎಂದು ಪಿಸುಗುಟ್ಟಿದ್ದು ಇವರ ಕಿವಿಗೂ ಬಿತ್ತು. ಆಗಲೇ ಕೆಲಸ ಸಿಗುವುದಿಲ್ಲವೆಂದು ಖಾತ್ರಿಯಾಗಿ ಹೆದರಿಕೆಯೂ ಹೋಯಿತಂತೆ. ಕೇಳಿದ್ದಕ್ಕೆಲ್ಲ ಧೈರ್ಯವಾಗಿ ಉತ್ತರ ಕೊಟ್ಟರು. ಕೆಲಸ ಹತ್ತಿತು. ಟೆಲ್ಕೋದಲ್ಲಿ ನೌಕರಿಗೆ ಸೇರಿದ ಮೊದಲ ಮಹಿಳಾ ಇಂಜಿನಿಯರೆಂದು ಅವರ ಹೆಸರು ದಾಖಲಾಯಿತು. ಹೆಂಗಸೆಂಬ ಕಾರಣಕ್ಕೆ ನೇಮಕದಲ್ಲಿ ಭೇದ ಮಾಡಬಾರದೆಂಬ ಸಮಾನ ವೇತನ ಕಾನೂನು ಬಂದದ್ದು ಆಮೇಲೆ, 1976ರಲ್ಲಿ.

ಈ ಕಥೆಯನ್ನು ಕಾಲೇಜು ಸಮಾರಂಭಗಳಲ್ಲಿ ಧೈರ್ಯದ ಕಥೆಯೆಂದು ಹೇಳುತ್ತಾರೆ. ಅದು ನಿಜ. ಆದರೆ ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. ಅಂದು ಒಂದು ಕಾರ್ಡಿಗೆ ದೊಡ್ಡ ಕಂಪನಿಯಿಂದ ಕೆಲವೇ ದಿನಗಳಲ್ಲಿ ಉತ್ತರ ಬಂತು. ಇಂದು ಕಿಸೆಯಲ್ಲಿ ಫೋನಿದೆ, ಕ್ಷಣದಲ್ಲಿ ಸಂದೇಶ ಹೋಗುತ್ತದೆ. ಆದರೂ ಸಂದರ್ಶನ ಮುಗಿಸಿ ಬಂದ ಹುಡುಗ ತಿಂಗಳುಗಟ್ಟಲೆ ಫೋನು ನೋಡುತ್ತ ಕೂಡುತ್ತಾನೆ. ಬ್ಯಾಡಗಿ ಮಾರುಕಟ್ಟೆಗೆ ಬೆಳಿಗ್ಗೆ ಹೋದ ಮೆಣಸಿನಕಾಯಿ ಚೀಲಕ್ಕೆ ಆ ದಿನವೇ ಟೆಂಡರ್ ಬಿಚ್ಚಿ ದರ ಹೇಳುತ್ತಾರೆ. ದರ ಕಡಿಮೆಯಾದರೆ ರೈತ ಬೈಯುತ್ತಾನೆ, ಆದರೆ ಗೊತ್ತಂತೂ ಆಗುತ್ತದೆ. ಎಂ.ಬಿ.ಎ. ಹುಡುಗನಿಗೆ ಮೆಣಸಿನಕಾಯಿಗಿರುವ ಮರ್ಯಾದೆಯೂ ಇಲ್ಲವೇ?

ಕುರ್ಚಿಯ ಆಚೆ ಕೂತವರಿಗಾದರೂ ಗೊತ್ತೇ?

ಸಂದರ್ಶನದಲ್ಲಿ ಬಿದ್ದ ಹುಡುಗ ತನ್ನಲ್ಲಿಯೇ ಏನೋ ಕೊರತೆಯಿದೆ ಎಂದು ಕುಗ್ಗುತ್ತಾನೆ. ಮನೆಯವರೂ ಹಾಗೆಯೇ ತಿಳಿಯುತ್ತಾರೆ. ಆದರೆ ಆಚೆ ಕೂತವರ ಅಳತೆಗೋಲು ಎಷ್ಟು ಗಟ್ಟಿ ಎಂಬುದನ್ನೂ ನೋಡಬೇಕು.

1921ರಲ್ಲಿ ಅಮೆರಿಕದ ಥಾಮಸ್ ಎಡಿಸನ್, ಅದೇ ವಿದ್ಯುತ್ ದೀಪದ ಎಡಿಸನ್, ಕೆಲಸ ಕೇಳಿ ಬಂದ ಪದವೀಧರರಿಗೆ ನೂರಕ್ಕೂ ಮಿಕ್ಕಿದ ಪ್ರಶ್ನೆಗಳ ಪಟ್ಟಿ ಕೊಡುತ್ತಿದ್ದ. ಬಹಳ ಮಂದಿ ಫೇಲಾದರು. ಪಟ್ಟಿ ಪತ್ರಿಕೆಗಳಲ್ಲಿ ಬಂದು ದೊಡ್ಡ ಗದ್ದಲವಾಯಿತು. ಅದೇ ವರ್ಷ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನ್‌ಗೆ ಪತ್ರಕರ್ತರು ಅದರಲ್ಲಿಯ ಒಂದು ಪ್ರಶ್ನೆ ಹಾಕಿದರು. ಶಬ್ದದ ವೇಗ ಎಷ್ಟು? ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂದು ಆತ ನಕ್ಕು ಹೇಳಿದನಂತೆ. ಆ ಪರೀಕ್ಷೆಯಲ್ಲಿ ಐನ್‌ಸ್ಟೈನನೂ ಬೀಳುತ್ತಿದ್ದ ಎಂದಾಯಿತು.

ಇದಕ್ಕಿಂತ ದೊಡ್ಡ ಸಾಕ್ಷಿ 1979ರದು. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಮೆಡಿಕಲ್ ಕಾಲೇಜು ಸುಮಾರು 800 ಮಂದಿಯ ಸಂದರ್ಶನ ನಡೆಸಿ, ಪಟ್ಟಿಯ ಮೇಲಿನವರಿಂದ 150 ಸೀಟು ತುಂಬಿಸಿ ಮುಗಿಸಿತ್ತು. ಆಗ ಅಲ್ಲಿಯ ಶಾಸನಸಭೆ ಇನ್ನೂ 50 ಸೀಟು ಹೆಚ್ಚಿಸಿರೆಂದು ಹೇಳಿತು. ಒಳ್ಳೆಯ ಸ್ಥಾನದವರೆಲ್ಲ ಬೇರೆ ಕಡೆ ಸೇರಿಬಿಟ್ಟಿದ್ದರು. ಉಳಿದವರು ಸಂದರ್ಶನದಲ್ಲಿ ಬಿದ್ದು ಪಟ್ಟಿಯ ತಳದಲ್ಲಿದ್ದವರು. ಅವರನ್ನೇ ಸೇರಿಸಿಕೊಂಡರು. ವರ್ಷಗಳ ನಂತರ ಲೆಕ್ಕ ಹಾಕಿ ನೋಡಿದರೆ ಓದಿನಲ್ಲಿ, ರೋಗಿಗಳನ್ನು ನೋಡುವ ಕೆಲಸದಲ್ಲಿ ಮೇಲಿನ 150ಕ್ಕೂ ಕೆಳಗಿನ 50ಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ! 1987ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟು ಹೊತ್ತು ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿದ್ದರಿಂದ ಆದ ಲಾಭವೇನು ಎಂದು ಓದುಗರೇ ಹೇಳಬೇಕು.

ನಮ್ಮ ದೇಶದಲ್ಲಿಯೂ ಈ ಮಾತು ಸರಕಾರದ ಕಿವಿಗೆ ಬಿದ್ದಿದೆ. 2015ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದ ಪ್ರಧಾನಿಯವರು ಈ ಮಾತೆತ್ತಿದರು. 2016ರ ಜನವರಿ 1ರಿಂದ ಕೇಂದ್ರ ಸರಕಾರದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಲಾಯಿತು. ಕರ್ನಾಟಕದಲ್ಲಿ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಅಂಕ ಕೊಟ್ಟ ಬಗೆಯ ಮೇಲೆ ಆರೋಪ ಬಂದು, ಸಿ.ಐ.ಡಿ. ತನಿಖೆಯಾಗಿ, 2014ರಲ್ಲಿ ಸರಕಾರ ಆ ಪಟ್ಟಿಯನ್ನೇ ಕೈಬಿಟ್ಟಿತು. ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ 2022ರಲ್ಲಿ ಹೊಸ ಕಾನೂನೇ ಮಾಡಬೇಕಾಯಿತು. ಆಯ್ಕೆಯಾದವರಿಗೂ ಹನ್ನೊಂದು ವರ್ಷ ನೆಮ್ಮದಿಯಿಲ್ಲ, ಆಗದವರಿಗೂ ಇಲ್ಲ.

ಬ್ಯಾಂಕುಗಳ ಪದ್ಧತಿ ಇದ್ದುದರಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಪ್ರೊಬೇಷನರಿ ಆಫೀಸರ್ ಹುದ್ದೆಗೆ ಐ.ಬಿ.ಪಿ.ಎಸ್. ನಡೆಸುವ ಆಯ್ಕೆಯಲ್ಲಿ ಬರವಣಿಗೆಗೆ 80 ಪಾಲು, ಸಂದರ್ಶನಕ್ಕೆ 20 ಪಾಲು. ಅಂದರೆ ಬಾಯಿ ಸೋತರೂ ಕೈ ಉಳಿಸೀತು. ಆದ್ದರಿಂದಲೇ ನಮ್ಮ ಕಡೆಯ ಎಷ್ಟೋ ಎಂ.ಬಿ.ಎ. ಹುಡುಗರು ಕ್ಯಾಂಪಸ್ ಸಂದರ್ಶನದಲ್ಲಿ ಬೇಸತ್ತು ಬ್ಯಾಂಕಿನ ಪುಸ್ತಕ ಹಿಡಿಯುತ್ತಾರೆ. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಇವರ ಕನಸಾಗಿತ್ತು. 2025ರ ಮೇ 1ರಂದು ಅದೂ ವಿಲೀನವಾಗಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿಯಿರುವ ಒಂದೇ ಗ್ರಾಮೀಣ ಬ್ಯಾಂಕು ರಾಜ್ಯಕ್ಕೆ ಉಳಿಯಿತು.

ಪತ್ರ ಬಂದರೂ ಪೇಚು ತಪ್ಪದು

ಸರಿ, ದೇವರು ಕಣ್ಣು ತೆರೆದು ಆಫರ್ ಪತ್ರ ಬಂತೆನ್ನಿ. ಮನೆಯಲ್ಲಿ ಪೇಢೆ ಹಂಚಿ ಆಯಿತು. ಅಲ್ಲಿಗೆ ಕಥೆ ಮುಗಿಯಿತೇ?

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದಿತು. ಅಲ್ಲಿ ಬಿದ್ದ ಸಿಡಿಲಿಗೆ ಇಲ್ಲಿಯ ದೊಡ್ಡ ದೊಡ್ಡ ಬಿಸಿನೆಸ್ ಸ್ಕೂಲುಗಳೂ ನಡುಗಿದವು. ಕೊಟ್ಟ ಪತ್ರವನ್ನು ಕೆಲವು ಕಂಪನಿಗಳು ಹಿಂದಕ್ಕೆ ಪಡೆದವು, ಕೆಲವು ತಾರೀಖು ಮುಂದೆ ಹಾಕಿದವು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 2022ರಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ಆರಿಸಿಕೊಂಡ ಸುಮಾರು 2,000 ಇಂಜಿನಿಯರಿಂಗ್ ಪದವೀಧರರು 2024ರ ತನಕ ಕೆಲಸದ ಕರೆಗೆ ಕಾದರು. ದೂರು ಕೇಂದ್ರದ ಕಾರ್ಮಿಕ ಸಚಿವಾಲಯದ ತನಕ ಹೋಯಿತು. ಪತ್ರ ಕೈಯಲ್ಲಿದೆ, ನೌಕರಿ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ.

ಪತ್ರದಲ್ಲಿಯ ಅಂಕಿಯನ್ನೂ ಬಿಡಿಸಿ ನೋಡಬೇಕು. ವರ್ಷಕ್ಕೆ 3 ಲಕ್ಷ 60 ಸಾವಿರ ಎಂದು ಬರೆದಿದೆಯೆನ್ನಿ. ಅಪ್ಪ ತಿಂಗಳಿಗೆ 30 ಸಾವಿರ ಎಂದು ಎಣಿಸುತ್ತಾನೆ. ಅದರಲ್ಲಿ 60 ಸಾವಿರ ಟಾರ್ಗೆಟ್ ಮುಟ್ಟಿದರೆ ಮಾತ್ರ ಬರುವ ಹಣವಾದರೆ, ತಿಂಗಳಿಗೆ 5 ಸಾವಿರ ಕಡಿತ. ಕಂಪನಿಯವರು ಕಟ್ಟುವ ಭವಿಷ್ಯನಿಧಿ 1,800 ಇದರಲ್ಲೇ ಸೇರಿದೆ. ಕಾಯಂ ನೌಕರನಿಗೆ ಐದು ವರ್ಷ ದುಡಿದ ಮೇಲೆ ಸಿಗುವ ಗ್ರಾಚ್ಯುಯಿಟಿಯನ್ನೂ ಈಗಲೇ ತಿಂಗಳಿಗೆ 700ರ ಆಸುಪಾಸು ಎಂದು ಸೇರಿಸಿರುತ್ತಾರೆ. ಹುಡುಗನ ಪಾಲಿನ ಭವಿಷ್ಯನಿಧಿ ಇನ್ನೊಂದು 1,800. ಎಲ್ಲ ಕಳೆದು ಕೈಗೆ ಬರುವುದು 20 ಸಾವಿರದ ಮೇಲೆ ಚಿಲ್ಲರೆ. ಅದರಲ್ಲಿ ರೂಮಿನ ಬಾಡಿಗೆ, ಊಟ, ಬೈಕಿನ ಪೆಟ್ರೋಲು.

ಇನ್ನು ಶಿಕ್ಷಣ ಸಾಲ. ಕೋರ್ಸು ಮುಗಿದ ಒಂದು ವರ್ಷದ ತನಕ ಬ್ಯಾಂಕಿನವರು ಸಾಮಾನ್ಯವಾಗಿ ಕಂತು ಕೇಳುವುದಿಲ್ಲ. ಆದರೆ ಬಡ್ಡಿಯ ಗಡಿಯಾರ ನಿಂತಿರುವುದಿಲ್ಲ. 4 ಲಕ್ಷ ಸಾಲವನ್ನು ನೂರಕ್ಕೆ 10ರ ಬಡ್ಡಿಯಲ್ಲಿ ಏಳು ವರ್ಷ ತೀರಿಸುವುದೆಂದರೆ ತಿಂಗಳಿಗೆ ಸುಮಾರು 6,600 ರೂಪಾಯಿ. ಸಂದರ್ಶನದಿಂದ ಸಂದರ್ಶನಕ್ಕೆ ಅಲೆಯುತ್ತ ಆ ಒಂದು ವರ್ಷ ಕಳೆದುಹೋದರೆ ಕಂತು ಬಂದು ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂಡುತ್ತದೆ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ಕೊಡುವ ಯುವನಿಧಿ ಯೋಜನೆ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಆರಂಭವಾಯಿತು, ನಿಜ. ಆದರೆ ಮುಂದೆ ಓದುತ್ತಿರುವವರಿಗೆ ಅದು ಅನ್ವಯಿಸದು. ಎಂ.ಬಿ.ಎ. ಸೇರಿದವನು ಆ ಎರಡು ವರ್ಷ ಅತ್ತ ನಿರುದ್ಯೋಗಿಯೂ ಅಲ್ಲ, ಇತ್ತ ಉದ್ಯೋಗಿಯೂ ಅಲ್ಲ.

ಅತ್ತೆ-ಚಿಕ್ಕಮ್ಮನ ಮನೆಗೇ ವಸೂಲಿ

ಯಾವ ನೌಕರಿಗೆ ಕರೆಯುತ್ತಾರೆ ಎಂಬುದೂ ಮುಖ್ಯ. ನಮ್ಮ ಭಾಗದ ಹುಡುಗರಿಗೆ ಬರುವ ಕರೆಗಳಲ್ಲಿ ಖಾಸಗಿ ಬ್ಯಾಂಕಿನ ಸೇಲ್ಸ್, ವಿಮೆ, ಬೈಕ್ ಸಾಲ, ಬೀಜ-ಗೊಬ್ಬರದ ಮಾರಾಟ, ಮೈಕ್ರೋಫೈನಾನ್ಸ್, ಇಂಥವೇ ಹೆಚ್ಚು. ಹುದ್ದೆಯ ಹೆಸರಿನಲ್ಲಿ ಮ್ಯಾನೇಜರ್ ಎಂಬ ಶಬ್ದ ಇರುತ್ತದೆ. ಕೆಲಸ ಮಾತ್ರ ಬಿಸಿಲಲ್ಲಿ ಹಳ್ಳಿ ಹಳ್ಳಿ ತಿರುಗಿ ಕಂತು ಕೂಡಿಸುವುದು.

2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಂಗಸರು ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಾಳದೆ ಮುಖ್ಯಮಂತ್ರಿಗಳಿಗೆ ಅಂಚೆಯಲ್ಲಿ ತಾಳಿ ಕಳಿಸಿ ಪ್ರತಿಭಟಿಸಿದರು. ಮರು ತಿಂಗಳು ಸರಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಸಾಲ ಮಾಡಿದ ತಾಯಂದಿರ ನೋವು ಪತ್ರಿಕೆಗಳಲ್ಲಿ ಬಂತು, ಬರಬೇಕಾದದ್ದೇ. ಬಾಗಿಲಲ್ಲಿ ನಿಂತ ಹುಡುಗನ ಮಾತು ಬರಲಿಲ್ಲ. ತಾನೇ ಸಾಲ ಮಾಡಿ ಓದಿದವನು, ಟಾರ್ಗೆಟ್ ಮುಟ್ಟದಿದ್ದರೆ ಸಂಬಳ ಕಡಿತವಾಗುವವನು, ತನ್ನ ಅತ್ತೆ-ಚಿಕ್ಕಮ್ಮನಂಥವರ ಮನೆಯೆದುರು ನಿಂತು ಗದರಬೇಕು. ಟಾರ್ಗೆಟ್ ಒತ್ತಡ ತಾಳುತ್ತೀರಾ ಎಂದು ಸಂದರ್ಶನದಲ್ಲಿ ಕೇಳಿದಾಗ ಅವನು “ಯಸ್ ಸರ್” ಎಂದಿದ್ದನಲ್ಲ, ಅದರ ಅರ್ಥ ಇದು ಎಂದು ಆಗ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಬೇರೆ ಕಡೆ ಹೋಗೋಣವೆಂದರೆ ಅನುಭವ ಎಷ್ಟು ಎಂಬ ಪ್ರಶ್ನೆ. ಅನುಭವವಿಲ್ಲದೆ ನೌಕರಿಯಿಲ್ಲ, ನೌಕರಿಯಿಲ್ಲದೆ ಅನುಭವವಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಹಿರಿಯರು ಅಂದದ್ದು ಸುಳ್ಳೇ?

ಕಾಲೇಜು ಹುಡುಕುವ ಮುಂಚೆ

ಮಗನನ್ನೋ ಮಗಳನ್ನೋ ಎಂ.ಬಿ.ಎ. ಸೇರಿಸುವ ಅಂಗಡಿಕಾರರು ಮಾಲು ಕೊಳ್ಳುವಾಗ ತೋರುವ ಜಾಣತನವನ್ನು ಇಲ್ಲಿಯೂ ತೋರಿಸಬೇಕು. ಕಾಲೇಜಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 12 ಲಕ್ಷ ಸಂಬಳ ಎಂದು ಬರೆದಿರುತ್ತದೆ. ಅದು ಒಬ್ಬನದು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ 3 ಲಕ್ಷ, ಒಬ್ಬನಿಗೆ 12 ಲಕ್ಷ ಬಂದರೆ ಸರಾಸರಿ 3 ಲಕ್ಷ 90 ಸಾವಿರ ಆಗುತ್ತದೆ. ಆ 3.90 ಒಬ್ಬನಿಗೂ ಸಿಕ್ಕಿರುವುದಿಲ್ಲ! ಆದ್ದರಿಂದ ಸರಾಸರಿ ಕೇಳಬಾರದು. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನಿಗೆ ಎಷ್ಟು ಎಂದು ಕೇಳಬೇಕು. ಪರೀಕ್ಷೆಗೆ ಕೂತವರೆಷ್ಟು, ನೌಕರಿ ಹತ್ತಿದವರೆಷ್ಟು, ವರ್ಷವಾದ ಮೇಲೂ ಅದೇ ನೌಕರಿಯಲ್ಲಿ ಉಳಿದವರೆಷ್ಟು ಎಂದು ಕೇಳಬೇಕು.

ಕೇಂದ್ರ ಸರಕಾರದ ಎನ್.ಐ.ಆರ್.ಎಫ್. ಪಟ್ಟಿ 2016ರಿಂದ ಬರುತ್ತಿದೆ. ಅದರಲ್ಲಿ ಭಾಗವಹಿಸುವ ಕಾಲೇಜುಗಳು ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುವಿನವನ ಸಂಬಳ ಎಷ್ಟು ಎಂಬ ಲೆಕ್ಕ ಕೊಡಬೇಕು. ಆ ಕಾಗದ ಕಾಲೇಜಿನ ವೆಬ್‌ಸೈಟಿನಲ್ಲಿಯೇ ಸಿಗುತ್ತದೆ. ಮೊಬೈಲಿನಲ್ಲಿ ಮಕ್ಕಳಿಂದ ತೆಗೆಸಿ ನೋಡಿದರೆ ಐದು ನಿಮಿಷದ ಕೆಲಸ.

ಇನ್ನೊಂದು ಎಚ್ಚರ. ನೌಕರಿ ಕೊಡುತ್ತೇವೆ, ಮೊದಲು ತರಬೇತಿಗೆಂದು, ಲ್ಯಾಪ್‌ಟಾಪಿಗೆಂದು, ಠೇವಣಿಯೆಂದು ಇಷ್ಟು ಕಟ್ಟಿರಿ ಎಂಬ ಫೋನು ಬಂದರೆ ಅದು ಮೋಸವೆಂದೇ ತಿಳಿಯಬೇಕು. ಸರಿಯಾದ ಕಂಪನಿ ಸಂಬಳ ಕೊಡುತ್ತದೆ, ಕೇಳುವುದಿಲ್ಲ. ಅಸಲು ಅಂಕಪಟ್ಟಿಗಳನ್ನು ಒಯ್ದಿಟ್ಟುಕೊಳ್ಳುತ್ತೇವೆ ಎನ್ನುವವರಿಗೂ ದೂರದಿಂದಲೇ ಕೈಮುಗಿಯುವುದು ಲೇಸು. ಝೆರಾಕ್ಸ್ ಕೊಟ್ಟು, ಅಸಲು ತೋರಿಸಿ, ತಿರುಗಿ ಫೈಲಿಗೆ ಸೇರಿಸಬೇಕು.

ಒಂದು ಮಾತು ಅಂದರೆ ಸಾಕು

ಸಂದರ್ಶನದ ಅನಿಶ್ಚಿತತೆ ಪೂರ್ತಿ ಹೋಗುವುದಿಲ್ಲ. ಒಂದು ಕುರ್ಚಿಗೆ ಐವತ್ತು ಮಂದಿ ಬಂದರೆ ನಲವತ್ತೊಂಬತ್ತು ಮಂದಿ ತಿರುಗಿ ಹೋಗಲೇಬೇಕು. ಅದನ್ನು ಯಾರೂ ತಪ್ಪಿಸಲಾರರು. ಆದರೆ ತಿರುಗಿ ಹೋದವರಿಗೆ ಇಂಥ ತಾರೀಖಿನೊಳಗೆ ಉತ್ತರ ಎಂದು ಹೇಳುವುದಕ್ಕೆ ಏನು ಖರ್ಚು? ಆಗಲಿಲ್ಲವೆಂದರೆ ಯಾವುದರಲ್ಲಿ ಕಡಿಮೆ ಬಿತ್ತು, ಲೆಕ್ಕದಲ್ಲೋ ಮಾತಿನಲ್ಲೋ ಎಂದು ಒಂದು ಸಾಲು ಬರೆದರೆ ಹುಡುಗ ಮುಂದಿನ ಬಾರಿಗೆ ತಿದ್ದಿಕೊಂಡಾನು. ಕಾಲೇಜಿನವರು ಕಂಪನಿಗಳನ್ನು ಒಳಗೆ ಬಿಡುವ ಮುಂಚೆ ಇದೊಂದು ಷರತ್ತು ಹಾಕಬಹುದು. ಕಂಪನಿ ಬರಲಿಲ್ಲವೆಂದರೆ ಎಂಬ ಹೆದರಿಕೆ ಅವರಿಗೆ. ಹೆದರಿದವರು ಎಲ್ಲರೂ ಕೂಡಿ ಒಮ್ಮೆಗೇ ಕೇಳಿದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಊರಿನವರದೂ ಒಂದಿಷ್ಟು ಪಾಲಿದೆ. ಚಹಾದ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಸವಣೂರಿನ ಎಲೆ ಕಟ್ಟಿಸಿಕೊಳ್ಳುವಲ್ಲಿ, ಹುಡುಗ ಕಂಡಲ್ಲೆಲ್ಲ “ಏನಪಾ, ನೌಕರಿ ಹತ್ತಿತೇನು?” ಎಂದು ಕೇಳುವುದು. ಕೇಳುವವರಿಗೆ ಅದು ಕುಶಲದ ಮಾತು. ಕೇಳಿಸಿಕೊಂಡವನಿಗೆ ಅದೂ ಒಂದು ಸಂದರ್ಶನ, ದಿನಕ್ಕೆ ಹತ್ತು ಸಲ. ಎಷ್ಟೋ ಹುಡುಗರು ಹಬ್ಬಕ್ಕೂ ಊರಿಗೆ ಬಾರದಿರುವುದು ಈ ಒಂದು ಪ್ರಶ್ನೆಗೆ ಅಂಜಿ.

ಸಂಜೆಯ ಬಸ್ಸು ಹಾನಗಲ್ಲ ಮುಟ್ಟುವ ಹೊತ್ತಿಗೆ ಅಂಗಡಿಗಳ ದೀಪ ಹತ್ತಿರುತ್ತವೆ. ಹುಡುಗ ಇಳಿದು, ಫೈಲನ್ನು ಕಂಕುಳಲ್ಲಿ ಅವಚಿಕೊಂಡು, ನಡುಬಜಾರದ ದಾರಿ ಬಿಟ್ಟು ಹಿಂದಿನ ಓಣಿ ಹಿಡಿಯುತ್ತಾನೆ. ಅಪ್ಪ ಅಂಗಡಿಯಲ್ಲಿ ಗಿರಾಕಿಗೆ ಸಕ್ಕರೆ ತೂಗುತ್ತಿರುತ್ತಾನೆ. ಮಗ ಬಂದು ಸುಮ್ಮನೆ ಒಳಗೆ ಹೋಗಿ, ಬೂಟು ಬಿಚ್ಚಿ, ಬರಿಗಾಲಲ್ಲಿ ಬಂದು ತಕ್ಕಡಿಯ ಪಕ್ಕ ನಿಲ್ಲುತ್ತಾನೆ. ಅಪ್ಪ ಏನನ್ನೂ ಕೇಳುವುದಿಲ್ಲ. ಉದ್ರಿಯ ವಹಿಯನ್ನು ಅವನ ಕಡೆ ಸರಿಸುತ್ತಾನೆ, ಅಷ್ಟೇ.

ಕೇಳದೆ ಇರುವುದೂ ಒಂದು ದೊಡ್ಡ ಉಪಕಾರ. ಆದರೆ ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕೂತ ಸಾಹೇಬರು ಹಾಗೆ ಸುಮ್ಮನಿರಬಾರದು. ಹೂಂ ಅನ್ನಲಿ, ಉಹೂಂ ಅನ್ನಲಿ, ಆದರೆ ಏನಾದರೊಂದು ಅನ್ನಲಿ. ಊರಿಗೆ ಬಂದವನು ಎಷ್ಟು ದಿನ ಅಂತ ಫೋನು ನೋಡಬೇಕು?